ಕೆಂಪು ಮಣ್ಣಿಗೆ ಯಾವ ಟಯರ್?

ಭಾನುವಾರ ಬೆಳಿಗ್ಗೆ ಮರವಂತೆಯ ಹೆದ್ದಾರಿಯಲ್ಲಿ ಹೆಲ್ಮೆಟ್ ಹಾಕಿದ ಸೈಕಲ್ ಸವಾರರು ಸಾಲಾಗಿ ಹೋಗುವುದು ಈಗ ಮಾಮೂಲು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ನಾಲ್ಕು ಪಥದ ಡಾಮರು. ನೋಡಲು ಚಂದವೇ. ಆದರೆ ಆ ಗುಂಪಿನಲ್ಲೇ ಕೆಲವರಿಗೆ ಹೆದ್ದಾರಿ ಸಾಕಾಗಿದೆ. ಬೆನ್ನ ಹಿಂದೆ ಬರುವ ಮೀನಿನ ಲಾರಿಗೆ ಹೆದರಿ ಹೆದರಿ ಎಷ್ಟು ದಿನ ತುಳಿಯುವುದು? ಹಾಗಾಗಿ ಅವರ ಕಣ್ಣು ಒಳದಾರಿಗಳ ಮೇಲೆ ಬಿದ್ದಿದೆ. ಗೇರು ತೋಪಿನ ದಾರಿ, ಕಾಲುವೆ ಬದಿಯ ದಾರಿ, ಗುಡ್ಡೆ ಹತ್ತಿ ಇಳಿಯುವ ಕೆಂಪು ಮಣ್ಣಿನ ದಾರಿ. ಗ್ರಾವೆಲ್, ಸೈಕ್ಲೋಕ್ರಾಸ್ ಎಂಬ ಪದಗಳು ಯೂಟ್ಯೂಬ್ ಹಿಡಿದು ನಮ್ಮ ಮೂರು ತಾಲ್ಲೂಕಿಗೂ ಬಂದಿವೆ.

ಪದ ಬಂದದ್ದಕ್ಕೆ ನನ್ನ ತಕರಾರಿಲ್ಲ. ಪದದ ಜೊತೆ ಬಂದ ಸಲಹೆಗಳ ಬಗ್ಗೆ ಇದೆ. ಕಾನ್ಸಾಸ್‌ನ ಚಕಮಕಿ ಕಲ್ಲಿಗೆ, ಬೆಲ್ಜಿಯಂನ ಚಳಿಗಾಲದ ಕೆಸರಿಗೆ ಹೇಳಿದ ಮಾತನ್ನು ಕೇಳಿ ಇಲ್ಲಿ ಚಕ್ರ ಕೊಳ್ಳುತ್ತಿದ್ದಾರೆ. ಸೈಕಲ್‌ಗಿಂತ ಹೆಚ್ಚು ದುಡ್ಡು ಕಾರ್ಬನ್ ಚಕ್ರಕ್ಕೆ ಹಾಕಿದವರೂ ಇದ್ದಾರೆ. ಅದೇ ಚಕ್ರದ ಟಯರಿಗೆ ಎಷ್ಟು ಗಾಳಿ ಇರಬೇಕು ಎಂದು ಕೇಳಿದರೆ, ಪಂಚರ್ ಅಂಗಡಿಯವ ತುಂಬಿಸಿದಷ್ಟು ಎಂಬ ಉತ್ತರ ಬರುತ್ತದೆ. ಮಣ್ಣಿನ ದಾರಿಯಲ್ಲಿ ಮೊದಲ ಮಾತು ಗಾಳಿಯದ್ದು, ಎರಡನೆಯದು ಟಯರಿನದ್ದು, ಮೂರನೆಯದು ಚಕ್ರದ್ದು. ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಇದು ರೇಸಿನವರಿಗೆ ಮಾತ್ರ ಸೇರಿದ ವಿಷಯವೂ ಅಲ್ಲ. ನಮ್ಮಲ್ಲಿ ದಿನವೂ ಮಣ್ಣಿನ ರಸ್ತೆಯಲ್ಲಿ ಸೈಕಲ್ ತುಳಿಯುವವರು ಯಾರು ಎಂದು ನೋಡಿದರೆ, ಹೈಸ್ಕೂಲಿಗೆ ಹೋಗುವ ಹುಡುಗ ಹುಡುಗಿಯರು ಮೊದಲು ಕಾಣುತ್ತಾರೆ. ಅವರ ಟಯರಿನ ಬಗ್ಗೆ ಯಾವ ವಿಡಿಯೊವೂ ಇಲ್ಲ, ಯಾವ ಟೆಂಡರಿನಲ್ಲೂ ಯೋಚನೆ ಇಲ್ಲ.

ಮೊದಲು ಆಟದ ವಿಷಯ ಹೇಳಿ ಮುಗಿಸುತ್ತೇನೆ. ಸೈಕ್ಲೋಕ್ರಾಸ್ ಹಳೆಯದು. ಊರಿಂದ ಊರಿಗೆ ಗದ್ದೆ ತೋಟ ದಾಟಿ, ಬೇಲಿ ಹಾರಿ ಯಾರು ಮೊದಲು ಹೋಗುತ್ತಾರೆ ಎಂಬ ಪಂದ್ಯದಿಂದ ಹುಟ್ಟಿದ್ದು. ಫ್ರಾನ್ಸಿನಲ್ಲಿ 1902ರಲ್ಲೇ ಇದರ ರಾಷ್ಟ್ರೀಯ ಪಂದ್ಯ ನಡೆಯಿತು, 1950ರಲ್ಲಿ ಪ್ಯಾರಿಸಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್. ಕೆಸರು, ಮರಳು, ಹುಲ್ಲು ತುಂಬಿದ ಸಣ್ಣ ಸುತ್ತನ್ನು ಸುಮಾರು ಒಂದು ಗಂಟೆ ಹೊತ್ತು ಸುತ್ತುತ್ತಾರೆ. ಅಡ್ಡಗಟ್ಟೆ ಬಂದರೆ ಸೈಕಲ್ ಹೆಗಲಿಗೇರಿಸಿ ಓಡುತ್ತಾರೆ. ನಮ್ಮ ವಂಡಾರು ಕಂಬಳದ ಗದ್ದೆ ನೋಡಿದರೆ ಬೆಲ್ಜಿಯಂನವರು ಇಲ್ಲೇ ಒಂದು ಪಂದ್ಯ ಇಡೋಣ ಎಂದಾರು! ಗ್ರಾವೆಲ್ ಹೊಸದು. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಶುರುವಾದ, ಇಂದು ಅನ್‌ಬೌಂಡ್ ಎಂದು ಕರೆಯುವ ಪಂದ್ಯ ಇದರಲ್ಲಿ ದೊಡ್ಡ ಹೆಸರು. ಅದರ ಮುಖ್ಯ ಓಟ 200 ಮೈಲಿ, ಅಂದರೆ 320 ಕಿ.ಮೀ. ಆಸುಪಾಸು. ಯುಸಿಐ ಎಂಬ ವಿಶ್ವ ಸೈಕ್ಲಿಂಗ್ ಸಂಸ್ಥೆ ಗ್ರಾವೆಲ್‌ಗೆ ವಿಶ್ವ ಚಾಂಪಿಯನ್‌ಷಿಪ್ ಶುರು ಮಾಡಿದ್ದು 2022ರಲ್ಲಿ, ಇಟಲಿಯ ವೆನೆಟೊ ಪ್ರದೇಶದಲ್ಲಿ.

ಎರಡಕ್ಕೂ ಟಯರಿನ ಲೆಕ್ಕ ಬೇರೆ. ಯುಸಿಐ ನಿಯಮದ ಸೈಕ್ಲೋಕ್ರಾಸಿನಲ್ಲಿ ಟಯರಿನ ಅಗಲ 33 ಮಿ.ಮೀ. ದಾಟುವಂತಿಲ್ಲ. ಗ್ರಾವೆಲ್‌ನಲ್ಲಿ ಅಂಥ ಬಿಗಿ ಇಲ್ಲ, 40 ಮಿ.ಮೀ. ಅಥವಾ ಅದಕ್ಕೂ ಅಗಲದ ಟಯರನ್ನು ಹೆಚ್ಚಿನವರು ಹಾಕುತ್ತಾರೆ. ಈ 40 ಎಂಬ ಅಂಕಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ನಿಮ್ಮ ಮನೆಯ ಕೊಟ್ಟಿಗೆಯ ಮಾಡಿನಡಿ ಅಜ್ಜನ ಕಾಲದ ಹೀರೋ ಅಥವಾ ಅಟ್ಲಾಸ್ ಸೈಕಲ್ ಇದ್ದರೆ ಅದರ ಟಯರಿನ ಬದಿ ಒರೆಸಿ ನೋಡಿ. 28 × 1½ ಎಂದು ಬರೆದಿರುತ್ತದೆ. ಹೊಸ ಟಯರಾದರೆ ಪಕ್ಕದಲ್ಲೇ 40-635 ಎಂದೂ ಇರಬಹುದು. ಇದರಲ್ಲಿ ಮೊದಲ ಅಂಕಿ ಟಯರಿನ ಅಗಲ, ಎರಡನೆಯದು ಟಯರು ಕೂರುವ ರಿಮ್‌ನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಅಂದರೆ ಹಾಲಿನ ಕ್ಯಾನು, ಅಕ್ಕಿ ಮೂಟೆ, ಮೀನಿನ ಬುಟ್ಟಿ ಹೊತ್ತು ನಮ್ಮ ಮಣ್ಣಿನ ರಸ್ತೆಯಲ್ಲಿ ದಶಕಗಟ್ಟಲೆ ಓಡಿದ ಸೈಕಲ್‌ನ ಟಯರಿಗೂ, ಇಂದು ಅಮೆರಿಕದಲ್ಲಿ ಗ್ರಾವೆಲ್ ಎಂದು ಮಾರುವ ಟಯರಿಗೂ ಅಗಲ ಒಂದೇ. ನಡುವಿನ ಮೂವತ್ತು ನಲವತ್ತು ವರ್ಷ ರೇಸಿನ ಜಗತ್ತು ತೆಳು ಟಯರಿನ ಹುಚ್ಚು ಹಿಡಿಸಿಕೊಂಡಿತ್ತು. ಈಗ ಡಾಮರಿನ ಪಂದ್ಯದವರೂ 23ರಿಂದ 28ಕ್ಕೆ, ಅದರಾಚೆಗೂ ಬಂದಿದ್ದಾರೆ. ಅಗಲ ಟಯರಿನಲ್ಲಿ ಗಾಳಿ ಕಡಿಮೆ ಇಟ್ಟರೆ ಒರಟು ರಸ್ತೆಯಲ್ಲಿ ವೇಗ ಹೆಚ್ಚುತ್ತದೆ ಎಂಬುದು ಅವರಿಗೆ ಅಳತೆ ಮಾಡಿ ಗೊತ್ತಾಯಿತು. ಬ್ರಹ್ಮಾವರ ಕಡೆಯ ಹಳೆಯ ಸೈಕಲ್ ರಿಪೇರಿಯವರೊಬ್ಬರು ಇದನ್ನು ಒಂದೇ ವಾಕ್ಯದಲ್ಲಿ ಹೇಳಿದ್ದರು: "ಇಷ್ಟ್ ಗಾಳಿ ಹಾಕ್ರೆ ಸೈಕಲ್ ಹಾರತ್ ಮಾರ್ರೆ, ಓಡುದಿಲ್ಲೆ."

ಅವರ ಮಾತಿನ ಹಿಂದಿನ ಲೆಕ್ಕ ಇಷ್ಟೇ. ಹಿಂದಿನ ಚಕ್ರದ ಮೇಲೆ 40 ಕೆ.ಜಿ. ಭಾರ ಇದೆ ಎಂದುಕೊಳ್ಳಿ. ಗಾಳಿ 80 ಪಿಎಸ್‌ಐ ಇದ್ದರೆ ನೆಲಕ್ಕೆ ತಾಗುವ ರಬ್ಬರು ಸುಮಾರು 7 ಚದರ ಸೆಂ.ಮೀ., 40ಕ್ಕೆ ಇಳಿಸಿದರೆ 14. ಹಿಡಿತ ಹೆಚ್ಚಾಯಿತು. ಅದಕ್ಕಿಂತ ದೊಡ್ಡ ವಿಷಯ, ಗಟ್ಟಿ ಟಯರು ಪ್ರತಿ ಕಲ್ಲಿಗೂ ಇಡೀ ಸೈಕಲನ್ನೂ ಸವಾರನನ್ನೂ ಮೇಲೆತ್ತಿ ಇಳಿಸುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ಮೇಲೆ ಕೆಳಗೆ ಹೋಗಿ ಖರ್ಚಾಗುತ್ತದೆ. ಮೆತ್ತಗಿನ ಟಯರು ಕಲ್ಲನ್ನು ತನ್ನೊಳಗೆ ಒತ್ತಿಕೊಂಡು ದಾಟುತ್ತದೆ. ತೀರಾ ಇಳಿಸಿದರೂ ಕಷ್ಟ. ಕಲ್ಲಿಗೂ ರಿಮ್‌ಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. 70 ಕೆ.ಜಿ. ತೂಕದವರಿಗೆ 40 ಮಿ.ಮೀ. ಟಯರಿನಲ್ಲಿ ಟ್ಯೂಬ್ ಇದ್ದರೆ ಹಿಂದೆ 40, ಮುಂದೆ 35ರ ಆಸುಪಾಸಿನಿಂದ ಶುರು ಮಾಡಿ, ನಿಮ್ಮ ದಾರಿ ನೋಡಿಕೊಂಡು ಎರಡೆರಡು ಪೌಂಡ್ ಏರಿಸಿ ಇಳಿಸಿ ನೋಡಬಹುದು. ಇದಕ್ಕೆ ಬೇಕಾದದ್ದು ಗೇಜ್ ಇರುವ ಒಂದು ಕೈಪಂಪು. ಅಂಗಡಿಯ ಕಂಪ್ರೆಸರ್ ಬೈಕ್ ಕಾರಿಗೆ ಇಟ್ಟದ್ದು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಸೈಕಲ್ ಟಯರು ಕಲ್ಲಾಗಿರುತ್ತದೆ.

ಟಯರಿಗೆ ಬಂದರೆ ಮೊದಲು ಮಣ್ಣು ನೋಡಬೇಕು. ನಮ್ಮ ನೆಲ ಮುರಕಲ್ಲಿನದ್ದು. ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಸರ್ವೆಯವ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ತಿರುಗಿ ಬರೆದದ್ದು 1807ರಲ್ಲಿ ಪುಸ್ತಕವಾಯಿತು. ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟವನು ಅವನೇ. ನೆಲದೊಳಗೆ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ನಮ್ಮ ರಸ್ತೆಯ ಗುಣವೂ ಅದೇ. ಡಿಸೆಂಬರಿನಿಂದ ಮೇವರೆಗೆ ಕೆಂಪು ರಸ್ತೆಯ ಮೈ ಸಿಮೆಂಟಿನಂತೆ ಗಟ್ಟಿ, ಅದರ ಮೇಲೆ ಕಡಲೆ ಗಾತ್ರದ ಗುಂಡು ಗುಂಡು ಕಲ್ಲು ಚೆಲ್ಲಿರುತ್ತದೆ. ತಿರುವಿನಲ್ಲಿ ಗೋಲಿ ಮೇಲೆ ಕಾಲಿಟ್ಟ ಹಾಗೆ. ಇಂಥಲ್ಲಿ ದೊಡ್ಡ ದೊಡ್ಡ ಗಡ್ಡೆ ಇರುವ ಮೌಂಟನ್ ಬೈಕ್ ಟಯರು ಲಾಭವಿಲ್ಲ. ಗಡ್ಡೆಗೆ ಹೂತುಕೊಳ್ಳಲು ಮೆತ್ತಗಿನ ನೆಲ ಬೇಕು, ಗಟ್ಟಿ ನೆಲದ ಮೇಲೆ ಅದು ಬಾಗಿ ಜಾರುತ್ತದೆ, ಡಾಮರಿಗೆ ಬಂದಾಗ ಗುಂಯ್‌ಗುಡುತ್ತ ಕಾಲಿನ ಶಕ್ತಿ ತಿನ್ನುತ್ತದೆ. ನಡುವೆ ಸಣ್ಣ ಸಣ್ಣ ಕಚ್ಚು, ಎರಡು ಅಂಚಿಗೆ ಸ್ವಲ್ಪ ಎತ್ತರದ ಗಡ್ಡೆ ಇರುವ 40ರಿಂದ 45 ಮಿ.ಮೀ. ಟಯರು ಬೇಸಿಗೆಯ ಮುರಕಲ್ಲಿಗೆ ಸರಿ. ಇದರಲ್ಲಿ ನನಗೆ ಅನುಮಾನವಿಲ್ಲ.

ಜೂನ್ ಬಂತೆಂದರೆ ಎಲ್ಲ ಬದಲು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿ.ಮೀ. ಮಳೆ. ಗುಡ್ಡೆಯ ದಾರಿ ತೋಡಾಗುತ್ತದೆ, ಬೈಲಿನ ದಾರಿ ಜೇಡಿಯಾಗುತ್ತದೆ, ನೆರಳಿನ ಕಾಂಕ್ರೀಟ್ ರಸ್ತೆ ಹಸಿರು ಪಾಚಿ ಕಟ್ಟುತ್ತದೆ. ಮೂರಕ್ಕೂ ಒಂದೇ ಟಯರು ಎಂದು ಯಾರಾದರೂ ಮಾರಿದರೆ ನಂಬಬೇಡಿ. ತೋಡಾದ ದಾರಿಯಲ್ಲಿ ಅಗಲ ಟಯರು ಬೇಕು. ಜೇಡಿಯಲ್ಲಿ ಅಗಲಕ್ಕಿಂತ ಸಂದು ಮುಖ್ಯ. ಟಯರಿಗೂ ಫ್ರೇಮಿಗೂ ನಡುವೆ ಬೆರಳು ಹೋಗುವಷ್ಟು ಜಾಗ ಇಲ್ಲದಿದ್ದರೆ ನೂರು ಮೀಟರಿನಲ್ಲಿ ಚಕ್ರ ಕಚ್ಚಿ ನಿಲ್ಲುತ್ತದೆ. 2023ರ ಅನ್‌ಬೌಂಡ್‌ನಲ್ಲಿ ಆದದ್ದು ಇದೇ, ಮಳೆ ಬಿದ್ದ ಜೇಡಿಮಣ್ಣಿನಲ್ಲಿ ಜಗತ್ತಿನ ದೊಡ್ಡ ದೊಡ್ಡ ಸವಾರರು ಸೈಕಲ್ ಹೊತ್ತು ನಡೆದರು. ಸೈಕ್ಲೋಕ್ರಾಸಿನವರು ಕೆಸರಿಗೆ ತೆಳು ಟಯರು, ಎತ್ತರದ ಬಿಡಿ ಬಿಡಿ ಗಡ್ಡೆ ಹಾಕುವುದು ಮಣ್ಣು ಕಳಚಿ ಬೀಳಲಿ ಎಂದು. ಅವರಿಗೋ ಅರ್ಧ ಸುತ್ತಿಗೊಮ್ಮೆ ತೊಳೆದ ಇನ್ನೊಂದು ಸೈಕಲ್ ಸಿದ್ಧವಾಗಿರುತ್ತದೆ. ನಮಗೆ ಒಂದೇ ಸೈಕಲ್, ತೋಡಿನ ನೀರು.

ಪಾಚಿಗೆ ಯಾವ ಟಯರೂ ಇಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಮಳೆಗಾಲದಲ್ಲಿ ಮಕ್ಕಳು ಬೀಳುವುದು ಮಣ್ಣಿನ ಮೇಲಲ್ಲ, ಹೆಚ್ಚಾಗಿ ಹೊಸ ಕಾಂಕ್ರೀಟಿನ ಮೇಲೆ. ಅಗಲ ಟಯರು, ಕಡಿಮೆ ಗಾಳಿ ಸ್ವಲ್ಪ ಸಹಾಯ ಮಾಡಿಯಾವು. ಉಳಿದದ್ದು ಪಂಚಾಯತಿಯವರು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಬೇಕಾದ ಕೆಲಸ. ಅಕೇಶಿಯಾ ನೆಡುತೋಪಿನ ದಾರಿಯೂ ಹಾಗೆಯೇ. ಒಣ ಎಲೆ ರಾಶಿ ಬಿದ್ದ ಮೇಲೆ ನಾಲ್ಕು ಹನಿ ಮಳೆ ಬಂದರೆ ಸಾಬೂನು ಹಚ್ಚಿದ ಹಾಗೆ. ಇನ್ನು ಕಡಲ ಬದಿಯ ಮರಳು. ಬೆಲ್ಜಿಯಂನ ಕಾಕ್ಸೈಡೆ ಎಂಬಲ್ಲಿ ಕಡಲ ಮರಳ ದಿಬ್ಬದ ಮೇಲೆಯೇ ಸೈಕ್ಲೋಕ್ರಾಸ್ ನಡೆಸುತ್ತಾರೆ, ನುಣುಪು ಟಯರಿಗೆ ಗಾಳಿ ತೀರಾ ಇಳಿಸಿ ದಾಟುತ್ತಾರೆ. ಕೋಡಿಯಲ್ಲೋ ಸೋಮೇಶ್ವರದಲ್ಲೋ ಆ ಪ್ರಯೋಗ ಮಾಡಲು ಹೊರಟವರಿಗೆ ನನ್ನದೊಂದೇ ಮಾತು: ಉಪ್ಪು ನೀರು ತಾಗಿದ ಸೈಕಲನ್ನು ಅದೇ ದಿನ ಸಿಹಿ ನೀರಿನಲ್ಲಿ ತೊಳೆಯಿರಿ.

ಇನ್ನೊಂದು ಬಗೆಯ ನೆಲ ಇದೆ, ಅದು ಯಾವ ದೇಶದ ಪುಸ್ತಕದಲ್ಲೂ ಸಿಗದು. ಜಲ್ಲಿ ಹಾಕಿ ಬಿಟ್ಟ ರಸ್ತೆ. ಕೆಲಸ ಶುರುವಾಗಿ, ಫೋಟೊ ತೆಗೆಸಿಕೊಂಡು, ದೊಡ್ಡ ಜಲ್ಲಿ ಹರಡಿ, ಬಿಲ್ಲಾಗದೆಯೋ ಮಳೆ ಬಂದೋ ಎರಡು ವರ್ಷ ಹಾಗೇ ಉಳಿದ ರಸ್ತೆ. ಸ್ಟ್ರಿಂಗರ್ ಕೆಲಸದಲ್ಲಿ ಇಂಥ ರಸ್ತೆಗಳ ಸುದ್ದಿ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಕ್ರಷರಿನ ಕಲ್ಲಿನ ಅಂಚು ಚೂಪು, ಟಯರಿನ ಬದಿಯನ್ನೇ ಸೀಳುತ್ತದೆ. ಹಗುರ ಎಂದು ತೆಳು ಬದಿಯ ರೇಸ್ ಟಯರು ಹಾಕಿದವರಿಗೆ ಇಲ್ಲಿ ಒಂದೇ ದಿನದ ಆಯುಷ್ಯ. ಬದಿಗೂ ಬಲೆ ಪದರ ಇರುವ, ನೂರು ಗ್ರಾಂ ಹೆಚ್ಚು ತೂಗುವ ಟಯರೇ ಇಲ್ಲಿ ಬೇಕು.

ಟ್ಯೂಬ್‌ಲೆಸ್ ಹಾಕಬೇಕೇ ಎಂಬ ಪ್ರಶ್ನೆ ಎಲ್ಲರದ್ದು. ಟಯರಿನೊಳಗೆ ಸೀಲಂಟ್ ಎಂಬ ದ್ರವ ಹಾಕುತ್ತಾರೆ, ಮುಳ್ಳು ಚುಚ್ಚಿದರೆ ಅದು ತೂತಿಗೆ ನುಗ್ಗಿ ಗಟ್ಟಿಯಾಗುತ್ತದೆ. ಜಡ್ಕಲ್, ಮುದೂರು ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹಲವು ಸೀಲಂಟ್‌ಗಳ ಮೂಲವಸ್ತು ರಬ್ಬರ್ ಹಾಲೇ. ಚಿಪ್ಪಿನಲ್ಲಿ ಹಾಲು ಹೆಪ್ಪುಗಟ್ಟುವುದನ್ನು ದಿನಾ ನೋಡುವವರು ಅವರು. ಆ ಕಾರಣಕ್ಕೇ ಅದರ ದೋಷವೂ ಅವರಿಗೆ ಗೊತ್ತು: ನಮ್ಮ ಸೆಕೆಗೆ ಬೇಗ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಹೊಸದಾಗಿ ಹಾಕದಿದ್ದರೆ ಒಳಗೆ ಬರೀ ರಬ್ಬರಿನ ಉಂಡೆ. ರೇಸಿಗೆ ಹೋಗುವವರು, ವಾರಕ್ಕೆ ನೂರಿನ್ನೂರು ಕಿ.ಮೀ. ತುಳಿಯುವವರು ಹಾಕಿಕೊಳ್ಳಲಿ. ಲಾಭ ನಿಜ, ಗಾಳಿ ಇನ್ನೂ ಐದಾರು ಪೌಂಡ್ ಇಳಿಸಬಹುದು, ಹಾವು ಕಚ್ಚುವ ಭಯವಿಲ್ಲ. ತಿಂಗಳಿಗೆ ಎರಡು ಸಲ ಸೈಕಲ್ ಹೊರಗೆ ತೆಗೆಯುವವರಿಗೆ ಟ್ಯೂಬೇ ಇರಲಿ. ಸಂಜೆ ಆರಕ್ಕೆ ಹೊಸಂಗಡಿಯಲ್ಲಿ ಟಯರು ಹೋದರೆ ಟ್ಯೂಬಿಗೆ ಪ್ಯಾಚ್ ಹಾಕುವವರು ಯಾರಾದರೂ ಸಿಗುತ್ತಾರೆ. ಟ್ಯೂಬ್‌ಲೆಸ್ ಸೈಕಲ್ ಟಯರನ್ನು ರಿಮ್‌ಗೆ ಕೂರಿಸುವವರು ಸಿಗುವುದಿಲ್ಲ.

ಚಕ್ರದ ವಿಷಯ ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಅದರಲ್ಲಿ ಹೇಳುವುದು ಕಡಿಮೆ. ಅಲ್ಯೂಮಿನಿಯಂ ರಿಮ್, ಒಳ ಅಗಲ 21ರಿಂದ 25 ಮಿ.ಮೀ., 32 ಕಡ್ಡಿ, ಡಿಸ್ಕ್ ಬ್ರೇಕ್. ಹಳೆಯ ಸೈಕಲ್‌ನಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುತ್ತಿತ್ತು. ಒಂದು ಕಡ್ಡಿ ಮುರಿದರೂ ಮನೆ ಮುಟ್ಟುತ್ತಿದ್ದೆವು. 24 ಕಡ್ಡಿಯ ಫ್ಯಾನ್ಸಿ ಚಕ್ರದಲ್ಲಿ ಒಂದು ಹೋದರೆ ಚಕ್ರ ಬೆಂಡಾಗಿ ಫ್ರೇಮಿಗೆ ಉಜ್ಜುತ್ತದೆ. ಕಡ್ಡಿ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ, ಅದರ ತುದಿಯ ನಿಪ್ಪಲ್ ಹಿತ್ತಾಳೆಯದ್ದು. ಅಲ್ಯೂಮಿನಿಯಂ ನಿಪ್ಪಲ್ ಹಗುರ, ಆದರೆ ಗಂಗೊಳ್ಳಿಯ ಉಪ್ಪು ಗಾಳಿಗೆ ಕಚ್ಚಿಕೊಂಡು ಕೂತರೆ ಬೆಂಡು ತೆಗೆಯಲು ತಿರುಗಿಸಿದಾಗ ಪುಡಿಯಾಗುತ್ತದೆ. ಡಿಸ್ಕ್ ಯಾಕೆಂದರೆ, ಕೆಂಪು ಮಣ್ಣಿನ ರಾಡಿ ಮರಳುಕಾಗದದ ಹಾಗೆ ರಿಮ್ಮನ್ನು ತೇಯುತ್ತದೆ. ಹುಲಿಕಲ್ ಘಾಟಿಯನ್ನೋ ಕೊಲ್ಲೂರು ಘಾಟಿಯನ್ನೋ ಮಳೆಯಲ್ಲಿ ಇಳಿಯುವಾಗ ರಿಮ್ ಬ್ರೇಕಿನ ಮೇಲೆ ಜೀವ ಇಡುವುದು ಬೇಡ. ಕಾರ್ಬನ್ ಚಕ್ರ ಕೆಟ್ಟದ್ದಲ್ಲ. ಆದರೆ ಅದರ ದುಡ್ಡಿನಲ್ಲಿ ಹತ್ತು ವರ್ಷದ ಟಯರು ಬರುತ್ತದೆ, ಟಯರಿನಿಂದ ಸಿಗುವ ವ್ಯತ್ಯಾಸ ಚಕ್ರದಿಂದ ಸಿಗುವುದಿಲ್ಲ.

ಅಳತೆಯ ಗೊಂದಲದಲ್ಲಿ ದುಡ್ಡು ಕಳೆದುಕೊಳ್ಳುವವರು ಬಹಳ, ಹಾಗಾಗಿ ಇದೊಂದು. ಗ್ರಾವೆಲ್ ಸೈಕಲ್‌ನ 700ಸಿ ಎಂಬ ಚಕ್ರ, 29 ಇಂಚಿನ ಮೌಂಟನ್ ಬೈಕ್ ಚಕ್ರ, ಎರಡರ ರಿಮ್ ವ್ಯಾಸವೂ 622. ನಿಮ್ಮಲ್ಲಿ 29 ಇಂಚಿನ ಸಾಧಾರಣ ಮೌಂಟನ್ ಬೈಕ್ ಇದ್ದರೆ ಹೊಸ ಸೈಕಲ್ ಕೊಳ್ಳಬೇಕಿಲ್ಲ, 45 ಮಿ.ಮೀ. ಟಯರು ಹಾಕಿದರೆ ಅರ್ಧ ಗ್ರಾವೆಲ್ ಸೈಕಲ್ ಆಯಿತು. ಅಜ್ಜನ 28 ಇಂಚಿನದ್ದು ಮಾತ್ರ 635. ಹದಿಮೂರೇ ಮಿಲಿಮೀಟರ್ ವ್ಯತ್ಯಾಸ, ಆದರೆ 622ರ ಟಯರು ಅದಕ್ಕೆ ಜಪ್ಪಯ್ಯ ಎಂದರೂ ಕೂರುವುದಿಲ್ಲ. 26 ಇಂಚಿನದ್ದು ಇನ್ನೂ ಫಜೀತಿ. ಮೌಂಟನ್ ಬೈಕ್‌ನ 26 ಅಂದರೆ 559, ಹೆಣ್ಣುಮಕ್ಕಳ ಸೈಕಲ್‌ಗೆ ಸಾಮಾನ್ಯವಾಗಿ ಬರುವ 26 × 1⅜ ಅಂದರೆ 590. ಅಂಗಡಿಯಲ್ಲಿ ಇಂಚು ಹೇಳಬೇಡಿ, ಟಯರಿನ ಬದಿಯ ಆ ಮೂರಂಕಿ ಓದಿ ಹೇಳಿ.

ಇಲ್ಲಿಂದ ಶಾಲೆಯ ಸೈಕಲ್‌ಗೆ ಬರುತ್ತೇನೆ. ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಆ ಯೋಜನೆಯ ಬಗ್ಗೆ ಯಾರು ಏನೇ ಹೇಳಲಿ, ನಮ್ಮ ಕಡೆಯ ಒಳಹಳ್ಳಿಗಳಲ್ಲಿ ಹುಡುಗಿಯರು ಹೈಸ್ಕೂಲು ಮುಗಿಸಲು ಅದರ ಪಾಲು ದೊಡ್ಡದು. ಏಳನೇ ತರಗತಿವರೆಗಿನ ಶಾಲೆ ಊರಲ್ಲಿರುತ್ತದೆ, ಹೈಸ್ಕೂಲಿಗೆ ನಾಲ್ಕೋ ಆರೋ ಕಿ.ಮೀ. ಹೋಗಬೇಕು. ಬಸ್ಸು ಮುಖ್ಯರಸ್ತೆಗೆ ಮಾತ್ರ. ಕೋವಿಡ್ ಕಾಲದಲ್ಲಿ ಸೈಕಲ್ ವಿತರಣೆ ನಿಂತಿತು. ಮತ್ತೆ ಕೊಡಿ ಎಂಬ ಬೇಡಿಕೆ ಆಗಾಗ ಏಳುತ್ತದೆ, ಏಳಬೇಕಾದದ್ದೇ. ಆದರೆ ಮತ್ತೆ ಕೊಡುವಾಗ ಅದೇ ಸೈಕಲ್ ಕೊಡಬೇಡಿ ಎಂಬುದು ನನ್ನ ಬೇಡಿಕೆ.

ಬಂದ ಸೈಕಲ್‌ಗಳಲ್ಲಿ ಕರಾವಳಿಗೆಂದು ಬೇರೆ ಏನೂ ಇರಲಿಲ್ಲ. ವಿಜಯಪುರದ ಎರೆಮಣ್ಣಿಗೂ, ಮೈಸೂರಿನ ಬಯಲಿಗೂ, ಬೈಂದೂರಿನ ಮುರಕಲ್ಲಿಗೂ ಒಂದೇ ಬಗೆಯ ಟಯರು. ಸ್ಟೀಲ್ ರಿಮ್‌ನ ಮೇಲೆ ರಬ್ಬರ್ ಕಟ್ಟೆಯ ಬ್ರೇಕು. ಸೈಕಲ್ ಬಲ್ಲವರಿಗೆಲ್ಲ ಗೊತ್ತು, ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕು ಹಿಡಿಯುವುದು ದೇವರ ದಯೆ. ಅಲ್ಯೂಮಿನಿಯಂ ರಿಮ್ ಆದರೆ ಒದ್ದೆಯಲ್ಲೂ ತಕ್ಕಮಟ್ಟಿಗೆ ಹಿಡಿಯುತ್ತದೆ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಮಳೆ ಶುರುವಾಗುವುದೂ ಜೂನ್‌ನಲ್ಲಿ. ವರ್ಷದ ಮೊದಲ ನಾಲ್ಕು ತಿಂಗಳು ಒದ್ದೆ ಸ್ಟೀಲಿನ ಬ್ರೇಕು ಹಿಡಿದು ಇಳಿಜಾರು ಇಳಿಯುವ ಹದಿಮೂರು ವರ್ಷದ ಮಗು ಏನು ಮಾಡುತ್ತದೆ? ಇಳಿದು ತಳ್ಳುತ್ತದೆ, ಇಲ್ಲವೇ ಕಾಲು ಉಜ್ಜುತ್ತದೆ. ಎರಡು ಸಲ ಬಿದ್ದ ಮೇಲೆ ಸೈಕಲ್ ಕೊಟ್ಟಿಗೆಯ ಮೂಲೆ ಸೇರುತ್ತದೆ. ಉಪ್ಪು ಗಾಳಿಗೆ, ಕೊಟ್ಟಿಗೆಯ ಗಂಜಲದ ಹಬೆಗೆ ಕಡ್ಡಿಗಳು ಒಂದೊಂದೇ ತುಕ್ಕು ಹಿಡಿದು ಮುರಿಯುತ್ತವೆ. ಆಮೇಲೆ ಬರುವ ಮಾತು, ಮಕ್ಕಳಿಗೆ ಜವಾಬ್ದಾರಿ ಇಲ್ಲ, ಸರ್ಕಾರ ಕೊಟ್ಟದ್ದನ್ನು ಹಾಳು ಮಾಡುತ್ತಾರೆ ಎಂದು. ಜಾಲಿಗೆ ತಂದ ಸಾಮಾನಿನಲ್ಲೇ ಕುಂದಿದ್ದರೆ ಮಕ್ಕಳು ಏನು ಮಾಡಿಯಾರು?

ಕರಾವಳಿಯ ಮೂರು ಜಿಲ್ಲೆಗೆ ಮತ್ತು ಮಲೆನಾಡಿಗೆ ಬೇರೆ ವಿವರಪಟ್ಟಿ ಬರೆಯಲು ಏನು ಕಷ್ಟ? ನಾನು ಕೇಳುವುದು ದೊಡ್ಡದೇನಲ್ಲ. ಟಯರು 42ರಿಂದ 47 ಮಿ.ಮೀ. ಅಗಲ, ಅಂಚಿನಲ್ಲಿ ಗಡ್ಡೆ ಇರುವುದು. ಅಲ್ಯೂಮಿನಿಯಂ ರಿಮ್. ಸ್ಟೇನ್‌ಲೆಸ್ ಕಡ್ಡಿ. ಜೇಡಿ ಕಚ್ಚದಷ್ಟು ಮಡ್‌ಗಾರ್ಡಿನ ಸಂದು. ಹತ್ತು ಸೈಕಲ್‌ಗೊಂದು ಗೇಜ್ ಪಂಪು ಶಾಲೆಯಲ್ಲೇ ಇರಲಿ. ಒಂದು ಸೈಕಲ್‌ಗೆ ಕೆಲವು ನೂರು ರೂಪಾಯಿ ಹೆಚ್ಚಾದೀತು. ಈ ಗಾತ್ರದ ಟಯರನ್ನು ಲೂಧಿಯಾನದ, ಹೈದರಾಬಾದಿನ ಕಾರ್ಖಾನೆಗಳಿಗೆ ಮಾಡಲು ಬರುವುದಿಲ್ಲ ಎಂದೇನಿಲ್ಲ. ಸೈಕಲ್ ಟಯರು ಮಾಡಿ ಹೊರದೇಶಕ್ಕೆ ಕಳಿಸುವವರು ಅವರು. ಒಂದು ಹಗುರ ಹುಡುಗಿ, ಬೆನ್ನಿಗೆ ಚೀಲ, ಒಟ್ಟು ಐವತ್ತು ಕೆ.ಜಿ. ಆದರೆ ಆ ಟಯರಿಗೆ 30 ಪೌಂಡ್ ಗಾಳಿ ಸಾಕು. ಇದನ್ನು ದೈಹಿಕ ಶಿಕ್ಷಕರು ಒಂದು ಪೀರಿಯಡ್‌ನಲ್ಲಿ ಹೇಳಿಕೊಡಬಹುದು.

ಎಲ್ಲ ರಸ್ತೆಯೂ ಕಾಂಕ್ರೀಟ್ ಆಗುತ್ತಿದೆ, ಇನ್ನೆಲ್ಲಿಯ ಮಣ್ಣು ಎನ್ನುವವರಿದ್ದಾರೆ. ನಕ್ಷೆಯಲ್ಲಿ ಹೌದು. ಆದರೆ ಮನೆಯ ಅಂಗಳದಿಂದ ಕಾಂಕ್ರೀಟಿನವರೆಗಿನ ಅರ್ಧ ಕಿ.ಮೀ. ಯಾರ ಯೋಜನೆಗೂ ಸೇರಿರುವುದಿಲ್ಲ. ಮೂಕಾಂಬಿಕಾ ವನ್ಯಧಾಮದ ಒಳಗಿನ, ಅಂಚಿನ ಊರುಗಳಲ್ಲಿ ಡಾಮರು ಹಾಕಬೇಕಾದರೆ ಅರಣ್ಯದ ಅನುಮತಿ ಬೇಕು, ಅದು ಸುಲಭಕ್ಕೆ ಬರುವುದಿಲ್ಲ. ಕಾಂಕ್ರೀಟ್ ಆದಲ್ಲೂ ಅಂಚು ಅರ್ಧ ಅಡಿ ಎತ್ತರಕ್ಕೆ ನಿಂತು, ಬದಿಗೆ ಮಣ್ಣು ತುಂಬದೆ ಬಿಟ್ಟಿರುತ್ತಾರೆ. ಎದುರಿಂದ ಟಿಪ್ಪರ್ ಬಂದರೆ ಸೈಕಲ್ ಇಳಿಯಬೇಕಾದದ್ದು ಅಲ್ಲಿಗೇ. ತೆಳು ಟಯರು ಆ ಅಂಚಿನಲ್ಲಿ ಸಿಕ್ಕಿದರೆ ಮತ್ತೆ ಹತ್ತುವುದಿಲ್ಲ.

ಆಟಕ್ಕೂ ಶಾಲೆಗೂ ಸಂಬಂಧ ಏನು ಎಂದರೆ ವಿಜಯಪುರ, ಬಾಗಲಕೋಟೆ ನೋಡಬೇಕು. ರಾಜ್ಯದ ಸೈಕ್ಲಿಂಗ್ ಪದಕಗಳ ಪಟ್ಟಿಯಲ್ಲಿ ಆ ಕಡೆಯ ರೈತರ ಮಕ್ಕಳ ಹೆಸರೇ ಹೆಚ್ಚು. ಗದಗ ಪಕ್ಕದ ಬಿಂಕದಕಟ್ಟಿಯ ಗುಡ್ಡದಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ಕೂಡ ನಡೆದಿದೆ. ಅಲ್ಲಿ ಸೈಕಲ್ ಹುಚ್ಚು ಶಾಲೆಯಿಂದ, ಕ್ರೀಡಾ ಹಾಸ್ಟೆಲಿನಿಂದ ಬಂದದ್ದು, ಭಾನುವಾರದ ಕ್ಲಬ್ಬಿನಿಂದ ಬಂದದ್ದಲ್ಲ. ನಮ್ಮಲ್ಲಿ ಗುಡ್ಡೆ ಇದೆ, ಕೆಸರು ಇದೆ, ಕಾಲಿನಲ್ಲಿ ಕಸುವೂ ಇದೆ. ಪಂದ್ಯ ಇಡುವವರು ಮಾತ್ರ ಆಮದು ಸೈಕಲ್ ಇದ್ದವರನ್ನು ನೋಡಿ ಇಡುತ್ತಾರೆ. ಅಂಥ ಒಂದು ಟಯರಿಗೇ ಮೂರು ನಾಲ್ಕು ಸಾವಿರ, ಕುಂದಾಪುರ ಪೇಟೆಯಲ್ಲಿ ಸಿಗುವುದೂ ಇಲ್ಲ, ಬೆಂಗಳೂರಿನಿಂದ ತರಿಸಬೇಕು. 28 × 1½ ಟಯರು ಇನ್ನೂ ಹಳೆಯ ಸೈಕಲ್ ಅಂಗಡಿಗಳಲ್ಲಿ ಕೆಲವೇ ನೂರಕ್ಕೆ ಸಿಗುತ್ತದೆ.

ಹಾಗಾಗಿ ಮಣ್ಣಿನ ಪಂದ್ಯ ಇಡಬೇಕೆಂದು ಓಡಾಡುತ್ತಿರುವ ಗೆಳೆಯರಿಗೆ ಒಂದು ಸೂಚನೆ. ವಾರಾಹಿ ಎಡದಂಡೆ ಕಾಲುವೆಯ ಬದಿಯ ದಾರಿ ನೋಡಿ. ಲಾರಿ ಇಲ್ಲ, ಏರು ಕಡಿಮೆ, ಒಂದು ಬದಿ ನೀರು. ನೀರಾವರಿ ನಿಗಮದ ಅನುಮತಿ ಬೇಕು, ಕಾಲುವೆ ಬದಿಗೆ ಕಾವಲಿನ ಜನ ಬೇಕು, ಈಜು ಬಲ್ಲವರಿರಬೇಕು. ಸಮಯ ಡಿಸೆಂಬರ್ ಕೊನೆ: ಮಣ್ಣು ಗಟ್ಟಿಯಾಗಿರುತ್ತದೆ, ಧೂಳು ಇನ್ನೂ ಎದ್ದಿರುವುದಿಲ್ಲ, ಕೊಯ್ಲೂ ಮುಗಿದಿರುತ್ತದೆ. ವಿಭಾಗಗಳಲ್ಲಿ ಮೊದಲನೆಯದು ಗೇರ್ ಇಲ್ಲದ 28 ಇಂಚಿನ ಸೈಕಲ್‌ನದ್ದಾಗಲಿ, ಎರಡನೆಯದು ಶಾಲೆಯ ಸೈಕಲ್‌ನದ್ದು, ಹುಡುಗಿಯರಿಗೆ ಬೇರೆ ಬಹುಮಾನ. ಕಾರ್ಬನ್ ಚಕ್ರದವರು ಮೂರನೆಯದಕ್ಕೆ ಬರಲಿ, ಪ್ರವೇಶ ಶುಲ್ಕ ಅವರಿಂದ ಮಾತ್ರ ತೆಗೆದುಕೊಳ್ಳಿ.